ಮುಚ್ಚದ ಪಾದ

ಕರ್ಜಗಿಯ ದಿಲನಾಜಳ ಎಡಗಾಲು ನಡೆಯುವಾಗ ನೋಯುತ್ತಿರಲಿಲ್ಲ. ಸೈಕಲ್ ಮೇಲೆ ಏರುದಾರಿ ಬಂದಾಗ ಮಾತ್ರ ತೊಡೆ ಸೆಳೆದು ಪಾದ ಮರಗಟ್ಟುತ್ತಿತ್ತು. ಇಳಿದು ಬೂಟು ಬಿಚ್ಚಿದರೆ ಪಾದ ಸುಣ್ಣದಂತೆ ಬಿಳಿ. ತಾಯಿ ಮುಮ್ತಾಜಬಿ ಬ್ಯಾಡಗಿಯಲ್ಲಿ ದಿನವಿಡೀ ಮೆಣಸಿನಕಾಯಿ ತೊಟ್ಟು ಮುರಿದು ಬರುವವಳು. ಖಾರದ ಕೈ ತಾಗದಿರಲೆಂದು ಮಗಳ ಪಾದವನ್ನು ಮೊಣಕೈಯಿಂದ ತಿಕ್ಕುತ್ತಿದ್ದಳು.

ಸೈಕಲ್ಲು ರಾಣೆಬೆನ್ನೂರಿನ ಬೀಜದ ಕಂಪನಿಯ ಮಾಲೀಕ ಕೃಷ್ಣಾಜಿಯವರದು. ದಿಲನಾಜ ಅವರಲ್ಲೇ ಬೀಜದ ಪಾಕೀಟು ತುಂಬುತ್ತಿದ್ದಳು. ರೇಸಿನಲ್ಲಿ ಅವಳ ಬೆನ್ನ ಮೇಲೆ ಕಂಪನಿಯ ಹೆಸರು.

ಹಾವೇರಿಯ ಡಾಕ್ಟರ್ ನಂದಿತಾ ಅವಳಿಂದ ನಿಂತಲ್ಲೇ ತುಳಿಯುವ ಸೈಕಲ್ ತುಳಿಸಿ ಕಾಲು ಪರೀಕ್ಷಿಸಿದರು.

"ವರ್ಷಗಟ್ಟಲೆ ಬಗ್ಗಿ ತುಳದು ತುಳದು ತೊಡೆಸಂದಿನ ರಕ್ತನಾಳದ ಗ್ವಾಡಿ ದಪ್ಪಾಗೇತಿ. ಜೋರ ತುಳದಾಗ ಪಾದಕ್ಕ ರಕ್ತ ಸಾಲಂಗಿಲ್ಲ. ಆಪರೇಶನ್ ಆಗೂತನಕ ರೇಸ್ ಬ್ಯಾಡವ್ವಾ."

ದಿಲನಾಜ ಅದನ್ನೇ ಕೃಷ್ಣಾಜಿಗೆ ಹೇಳಿದಳು.

"ಜೋಮು ಯಾರಿಗೆ ಹಿಡಿಯಂಗಿಲ್ಲ? ಇದೊಂದು ರೇಸ್ ಮುಗೀಲಿ, ಆಪರೇಶನ್ ನಾ ಮಾಡಸ್ತೇನಿ. ಒಲ್ಲೆ ಅಂದ್ರ ಸೈಕಲ್ ಇಟ್ಟು ಹೋಗು. ಕೆಲಸಕ್ಕೂ ಬರಬ್ಯಾಡ."

ಅವಳು ರೇಸಿಗೆ ಇಳಿದಳು. ಹಾವೇರಿ ದಾಟಿ ಹೆದ್ದಾರಿಯ ಏರಿನಲ್ಲಿ ಪಾದದ ಅರಿವೇ ಹೋಯಿತು. ಪಕ್ಕದಲ್ಲಿ ಕೃಷ್ಣಾಜಿಯವರ ಜೀಪು ಬರುತ್ತಿತ್ತು, ಹಿಂದೆಯೇ ತಂಡದ ಹುಡುಗಿಯರು.

"ಸಾವ್ಕಾರ್ರ, ಕಾಲು ಇಲ್ಲದಂಗ ಆಗೇತ್ರಿ!"

"ತುಳಿ, ತುಳಿ! ಊರು ಬಂತು!"

ರಾಣೆಬೆನ್ನೂರು ಮುಟ್ಟಿ ಇಳಿದವಳು ನಿಲ್ಲಲಾರದೆ ಕುಸಿದಳು. ಜೊತೆಗಾತಿ ಆಯಿಶಾ ಬೂಟು ಬಿಚ್ಚಿದಳು. ಎಂದಿನಂತೆ ಪಾದಕ್ಕೆ ಕೆಂಪು ಮರಳಲಿಲ್ಲ. ಸಣ್ಣಗಾದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಾಲು ಉಳಿಯಿತು. ಬೆರಳುಗಳ ಸಮೇತ ಅರ್ಧ ಪಾದ ಹೋಯಿತು.

ಅವಳು ಮನೆಗೆ ಬಂದ ಮೇಲೆ ಕೃಷ್ಣಾಜಿ ಹಾರ ಹಿಡಿದು, ಫೋಟೋದವನನ್ನು ಕರೆದುಕೊಂಡು ಕರ್ಜಗಿಗೆ ಬಂದರು. ಆಯಿಶಾ ಮತ್ತು ತಂಡದ ಹುಡುಗಿಯರು ಅಲ್ಲೇ ಇದ್ದರು.

"ಪಾಪ, ಮೊದಲ ಹೇಳಬೇಕಿತ್ತವಾ ನೀನು," ಎಂದರು ಕೃಷ್ಣಾಜಿ. ಆಮೇಲೆ ಮುಮ್ತಾಜಬಿಯ ಕಡೆ ತಿರುಗಿ, "ಚಾದರ ಸ್ವಲ್ಪ ಎಳೀರಿ. ಕಾಲು ಕಾಣೂದು ಬ್ಯಾಡ."

ಮುಮ್ತಾಜಬಿ ಚಾದರ ಎಳೆದಳು. ಪೂರ್ತಿ ಎಳೆದು ನೆಲಕ್ಕೆ ಬಿಸಾಕಿದಳು.

"ಆಕಿ ಹೇಳಿದ್ಲು. ನೀವು ಕೇಳಲಿಲ್ಲ. ಈಗ ಇದರ ಫೋಟೋ ತಗಸ್ರಿ."

ಆಯಿಶಾ ಮಂಚದ ಪಕ್ಕ ಕುಳಿತಳು. "ನಮ್ಮನ್ನೂ ಕೂಡಿಸಿ ತಗೀರಿ. ನಾವೂ ಕೇಳೇವಿ, ಆಕಿ ಹೇಳಿದ್ದು. ಇನ್ನ ನಿಮ್ಮ ಹೆಸರು ಹೊತ್ತು ಯಾರೂ ತುಳಿಯಂಗಿಲ್ಲ."

ಉಳಿದ ಹುಡುಗಿಯರೂ ಒಬ್ಬೊಬ್ಬರಾಗಿ ಬಂದು ಕುಳಿತರು.

ಫೋಟೋದವನು ಮಾಲೀಕನ ಮುಖ ನೋಡಿದ. ಕೃಷ್ಣಾಜಿ ಹಾರ ಹಿಡಿದುಕೊಂಡೇ ಹೊರಗೆ ನಡೆದರು. ದಿಲನಾಜ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಪಾದವನ್ನು ಮಾತ್ರ ಮುಚ್ಚಿಕೊಳ್ಳಲಿಲ್ಲ.