ಸಮಭಾಜಕ ವೃತ್ತದ ಮೇಲೆ ನಾನು ನಿಂತ ಬಗೆ

ಅಮೆರಿಕದ ನಮ್ಮ ಬೇ ಏರಿಯಾದಲ್ಲಿ ಪ್ರವಾಸ ಹೋಗಿ ಬಂದವರು ಲಕ್ಷ ಜನ ಇರಬಹುದು, ಪ್ರವಾಸದ ಕತೆ ಹೇಳಬಲ್ಲವನು ಮಾತ್ರ ನಾನೊಬ್ಬನೇ. ಹೋದ ಜುಲೈನಲ್ಲಿ ನಾನು ದಕ್ಷಿಣ ಅಮೆರಿಕದ ಕ್ವಿಟೋ ನಗರದಿಂದ ಮರಳಿದ ಮೇಲೆ ಸನ್ನಿವೇಲ್‌ನಿಂದ ಫ್ರೀಮಾಂಟ್‌ವರೆಗೆ ಯಾವ ಕನ್ನಡದ ಮನೆಯಲ್ಲೂ ಬೇರೆ ಮಾತಿರಲಿಲ್ಲ. ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ನಮ್ಮ ತಿಂಗಳ ಪಾಟ್‌ಲಕ್ಕಿನಲ್ಲಿ ನಾನು ಬಾಯಿ ತೆರೆದಾಗ ನಾನೂರು ಜನ ಬಿಸಿಬೇಳೆಬಾತಿನ ತಟ್ಟೆ ಹಿಡಿದು, ತಿನ್ನುವುದನ್ನು ಮರೆತು ನಿಂತಿದ್ದರು. ಹತ್ತೊಂಬತ್ತು ಜನ ಎನ್ನುತ್ತಾಳೆ ನನ್ನ ಹೆಂಡತಿ ಶೈಲಜಾ. ಅವಳಿಗೆ ತಲೆ ಎಣಿಸುವುದು ಗೊತ್ತು, ಸಭೆಯ ಕಳೆ ನೋಡುವುದು ಗೊತ್ತಿಲ್ಲ.

ಕ್ವಿಟೋ ಎಂದರೆ ಈಕ್ವೆಡಾರ್ ದೇಶದ ರಾಜಧಾನಿ. ಬೆಟ್ಟಗಳ ಸಂದಿಯಲ್ಲಿ ಯಾರೋ ಬಣ್ಣದ ಬೆಂಕಿಪೊಟ್ಟಣಗಳನ್ನು ಬುಟ್ಟಿಗಟ್ಟಲೆ ಸುರಿದ ಹಾಗಿರುವ ಊರು. ಅಲ್ಲಿನ ಒಂದು ಇಗರ್ಜಿಯ ಒಳಗೋಡೆಗಳಿಗೆ ಎಷ್ಟು ಚಿನ್ನ ಬಳಿದಿದ್ದಾರೆಂದರೆ, ಹೊರಗೆ ಬಂದ ಮೇಲೆ ನನಗೆ ಸೂರ್ಯ ಮಂಕಾಗಿ ಕಂಡ. ಬಿಸಿ ಚಾಕೊಲೇಟಿನ ಲೋಟಕ್ಕೆ ಚೀಸಿನ ತುಂಡು ಹಾಕಿ ಕೊಡುತ್ತಾರೆ. ನಾನು ಹದಿನಾರು ಲೋಟ ಕುಡಿದೆ. ಊರಾಚೆ ಒಟವಾಲೋ ಸಂತೆಯಲ್ಲಿ ಉಣ್ಣೆಯ ಶಾಲಿಗೆ ನಾನು ಮಾಡಿದ ಚೌಕಾಸಿ ನೋಡಿ, ಮಾರುವವಳು ನನ್ನನ್ನೇ ಅಂಗಡಿಯಲ್ಲಿ ಕೂರಿಸಿ ಊಟಕ್ಕೆ ಹೋದಳು. ನೆಲದ ಮೇಲೆ ಹಳದಿ ಬಣ್ಣದಲ್ಲಿ ಎಳೆದಿರುವ ಸಮಭಾಜಕ ವೃತ್ತದ ಮೇಲೆ ಎದೆ ಸೆಟೆಸಿ ನಿಂತೆ. ಇನ್ನು ರೋಪ್‌ವೇ! ನಾಲ್ಕು ಸಾವಿರ ಮೀಟರ್ ಎತ್ತರಕ್ಕೆ ತೊಟ್ಟಿಲಲ್ಲಿ ಕೂರಿಸಿ ಒಯ್ಯುತ್ತಾರೆ. ಮೇಲೆ ಜರ್ಮನಿಯ ಪೈಲ್ವಾನರು ಏದುಸಿರು ಬಿಡುತ್ತ ನೆಲಕ್ಕೆ ಕೂತಿದ್ದರೆ, ನಾನು ಅಲ್ಲಿಂದ ಇನ್ನೊಂದು ಶಿಖರಕ್ಕೆ ಓಡಿ ಹತ್ತಿದೆ. ‘ನಮ್ಮ ಚಾಮುಂಡಿ ಬೆಟ್ಟ ಹತ್ತಿದವನಿಗೆ ಅದೇನು ಮಹಾ’ ಎಂದೆ ಪಾಟ್‌ಲಕ್ಕಿನಲ್ಲಿ. ಶೈಲಜಾ ಎರಡು ಸಲ ಕೆಮ್ಮಿದಳು.

ನೋಡಿ, ಇದರಲ್ಲಿ ಸುಳ್ಳು ಬಹಳ ಇಲ್ಲ. ಹೆಚ್ಚಿನದೆಲ್ಲ ನಡೆದದ್ದೇ. ನಡೆದದ್ದು ಶೈಲಜಾಗೆ, ಅಷ್ಟೇ.

ಕ್ವಿಟೋ ತಲುಪಿದ ಸಂಜೆ, ಲಿಫ್ಟ್ ಬೇಡವೆಂದು ಹೋಟೆಲಿನವನಿಗೆ ಜಂಬ ಕೊಚ್ಚಿ, ಎರಡು ಸೂಟ್‌ಕೇಸು ಹಿಡಿದು ಇಪ್ಪತ್ತೊಂದು ಮೆಟ್ಟಿಲು ಹತ್ತಿದೆ. ಇಪ್ಪತ್ತೆರಡನೆಯದು ಇದ್ದಿದ್ದರೆ ಈ ಕತೆಯನ್ನು ನೀವು ಬೇರೆಯವರ ಬಾಯಲ್ಲಿ ಕೇಳಬೇಕಿತ್ತು. ಎರಡು ಸಾವಿರದ ಎಂಟುನೂರ ಐವತ್ತು ಮೀಟರ್ ಎತ್ತರದ ತೆಳುಗಾಳಿ ನನ್ನ ತಲೆಯೊಳಗೆ ಸೇರಿ ಒನಕೆಯಲ್ಲಿ ಕುಟ್ಟಿತು. ಆರು ದಿನದ ಪ್ರವಾಸದಲ್ಲಿ ನಾಲ್ಕು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಶೈಲಜಾ ಒಬ್ಬಳೇ ಊರು ಸುತ್ತಿದಳು. ನಾವು ಒಯ್ದಿದ್ದ ರೈಸ್ ಕುಕ್ಕರಿನಲ್ಲಿ ಆ ಎತ್ತರಕ್ಕೆ ಅನ್ನ ಬೇಯದೆ ನಡುವೆ ಕಾಳು ಕಾಳಾಗಿಯೇ ಉಳಿಯುತ್ತಿತ್ತು. ಅದಕ್ಕೆ ಮತ್ತೆ ಮತ್ತೆ ನೀರು ಹೊಯ್ದು ಗಂಜಿ ಮಾಡಿ, ಸಂಜೆ ನನ್ನ ಕಾಲ ಬಳಿ ಕೂತು, ಅವತ್ತು ಕಂಡದ್ದನ್ನೆಲ್ಲ ಫೋಟೋ ಸಮೇತ ಹೇಳುತ್ತಿದ್ದಳು. ಗಂಡ ಹೆಂಡತಿ ಎಂದ ಮೇಲೆ ಅವಳು ಕಂಡದ್ದು ನಾನು ಕಂಡ ಹಾಗೇ ತಾನೆ?

ಪಾಟ್‌ಲಕ್ಕು ಮುಗಿದು ಎರಡು ವಾರ ಕಳೆದ ಮೇಲೆ ದೇವೇಂದ್ರಪ್ಪನವರ ಫೋನು ಬಂತು. ಅವರು ನನ್ನ ಸಹೋದ್ಯೋಗಿ ಗುರುಕಿರಣನ ತಂದೆ. ಗದಗಿನ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ಪತ್ನಿ ನೀಲವ್ವನವರೊಂದಿಗೆ ಈಗ ಫ್ರೀಮಾಂಟ್‌ನಲ್ಲಿ ಮಗನ ಮನೆಯಲ್ಲೇ ಇದ್ದಾರೆ. ಪಾಟ್‌ಲಕ್ಕಿನಲ್ಲಿ ನನ್ನ ಕತೆಯನ್ನು ಎಲ್ಲರಿಗಿಂತ ಮುಂದೆ ಕೂತು ಕೇಳಿದವರು ಅವರೇ.

“ನಿನ್ನ ಕಡೆ ಒಂದೀಟು ಕೆಲಸ ಐತಿ ತಮ್ಮಾ. ಮನೀಗೆ ಬಾ. ಶೈಲಜವ್ವನೂ ಬರಲಿ” ಎಂದರು.

ಭಾನುವಾರ ಮಧ್ಯಾಹ್ನ ಹೋದೆವು. ಊಟದ ಮೇಜಿನ ತುಂಬ ನಕ್ಷೆಗಳು, ಪ್ರಿಂಟ್ ತೆಗೆದ ಹಾಳೆಗಳು. ಒಂದರ ಮೇಲೆ ದುಂಡಗಿನ ಮೇಷ್ಟ್ರ ಅಕ್ಷರದಲ್ಲಿ ‘ಮೊದಲನೇ ದಿನ: ಮುಂಜಾನೆ ರೋಪ್‌ವೇ’ ಎಂದು ಬರೆದಿತ್ತು. ಗುರುಕಿರಣ ಒಂದು ಕಡೆ ಮುಖ ಗಂಟು ಹಾಕಿಕೊಂಡು ಕೂತಿದ್ದ. ಅವನ ಹೆಂಡತಿ ಶೀತಲ್ ಮಕ್ಕಳ ಡಾಕ್ಟರು. ಅವಳು ಕೈಕಟ್ಟಿ ನಿಂತಿದ್ದಳು.

“ಮೂವತ್ನಾಲ್ಕು ವರ್ಷ ಬೋರ್ಡಿನ ಮ್ಯಾಲೆ ಸಮಭಾಜಕ ವೃತ್ತ ಎಳದೇನಿ” ಎಂದರು ದೇವೇಂದ್ರಪ್ಪ. “ಹುಡುಗ್ರು ಕೇಳ್ತಿದ್ವು, ಸರ್, ಆ ಗೆರಿ ಖರೇನ ಇರ್ತೈತೇನ್ರಿ ಅಂತ. ಇರಂಗಿಲ್ಲಲೇ, ಅದು ಕಲ್ಪನಾ ಗೆರಿ ಅಂತ ಹೇಳಿ ಕೂಡಸ್ತಿದ್ದೆ. ಈಗ ನೀ ಹೇಳ್ತಿ, ಅಲ್ಲೆ ಹಳದಿ ಬಣ್ಣ ಹಚ್ಚಿ ಎಳದಾರ ಅಂತ! ಒಮ್ಮಿ ಅದರ ಮ್ಯಾಲೆ ನಿಂದರಬೇಕು ನೋಡು.”

“ಮಾವಾ, ನಿಮಗ ಸ್ಟೆಂಟ್ ಹಾಕಿ ಎರಡ ವರ್ಷ ಆಗೇತಿ” ಎಂದಳು ಶೀತಲ್.

“ನೀ ಮಕ್ಕಳ ಡಾಕ್ಟರು, ನಾ ಏನು ಕೂಸೇನು? ಹಾರ್ಟ್ ಡಾಕ್ಟರನ ಕೇಳೇನಿ. ಎಷ್ಟು ಎತ್ತರ ಹೋಗ್ತೀರಿ, ಹೆಂಗ ಹೋಗ್ತೀರಿ, ಬರಕೊಂಡು ಬರ್ರಿ ಅಂದಾರ. ಹೋಗಿ ಬಂದಾವ ಇಲ್ಲೇ ಕುಂತಾನಲ್ಲ! ಓಡಿಕೋತ ಏರ್ಯಾನ. ಹೇಳು ತಮ್ಮಾ, ಇವರಿಗೆ ಹೇಳು, ಚಾಮುಂಡಿ ಬೆಟ್ಟ ಇದ್ದಂಗ ಅಂತ.”

ನನ್ನ ಮುಂದೆ ನೀಲವ್ವ ಗಿರಮಿಟ್ಟಿನ ತಟ್ಟೆ ಇಟ್ಟರು. ಒಂದು ಹಿಡಿ ಬಾಯಿಗೆ ಹಾಕಿಕೊಂಡೆ, ಉತ್ತರ ತಡವಾಗಲಿ ಎಂದು. ಇಷ್ಟು ನಿಧಾನವಾಗಿ ಮಂಡಕ್ಕಿ ಅಗಿದವನು ಜಗತ್ತಿನಲ್ಲಿ ಇನ್ನೊಬ್ಬನಿಲ್ಲ. ಶೈಲಜಾ ಕೆಮ್ಮುತ್ತಾಳೆಂದು ಕಾದೆ. ಅವಳು ಕೆಮ್ಮಲಿಲ್ಲ. ಕಿಟಕಿಯಾಚೆ ಯಾರದೋ ಕಾರು ನಿಲ್ಲುವುದನ್ನು ನೋಡುತ್ತ ಕೂತಳು.

“ಓಡಿದ್ದು ಅಂದ್ರೆ, ಮೇಷ್ಟ್ರೇ, ಓಡಿದ್ದೇ ಅಂತಲ್ಲ” ಎಂದೆ. “ಸ್ವಲ್ಪ ಬೇಗ ನಡೆದೆ.”

“ಆವಾಗ ನಿಮ್ಮ ಆಕ್ಸಿಜನ್ ಎಷ್ಟಿತ್ರಿ?” ಶೀತಲ್ ಪೆನ್ನು ಹಿಡಿದಳು. “ಬರಕೋತೀನಿ. ಅವರ ಡಾಕ್ಟರಿಗೆ ಕಳಿಸಬೇಕು.”

ಅವಳ ಪೆನ್ನಿನ ತುದಿ ಹಾಳೆಯ ಮೇಲೆ ಕೂತು ಕಾಯುತ್ತಿತ್ತು. ನಾನು ಹೇಳುವ ಅಂಕಿ ಅಲ್ಲಿ ಇಳಿಯುತ್ತದೆ, ಅಲ್ಲಿಂದ ಡಾಕ್ಟರ ಕೈಗೆ ಹೋಗುತ್ತದೆ, ಆಮೇಲೆ ಈ ಮನುಷ್ಯ ಮೊದಲನೇ ಮುಂಜಾನೆಯೇ ತೊಟ್ಟಿಲು ಹತ್ತಿ ಕೂರುತ್ತಾರೆ. ಸಭೆಗಳನ್ನು ಗೆದ್ದ ನಾನು ಗಿರಮಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

“ಅದನ್ನ ಬರೀಬೇಡಮ್ಮ. ನಾನು ರೋಪ್‌ವೇ ಹತ್ತಲೇ ಇಲ್ಲ” ಎಂದೆ. “ಹತ್ತಿದವಳು ಶೈಲಜಾ. ನಾನು ತಲೆನೋವಿಂದ ನಾಲ್ಕು ದಿನ ಹೋಟೆಲಲ್ಲಿ ಮಲಗಿದ್ದೆ. ವಾಂತಿನೂ ಆಯ್ತು.”

ನೀಲವ್ವ, “ನಾಕ ದಿನಾ? ಬಾಣಂತಿ ಹಂಗ?” ಎಂದರು. ಗುರುಕಿರಣ ನಗೆ ತಡೆಯಲಾರದೆ ನೀರು ಕುಡಿಯಲು ಎದ್ದು ಹೋದ.

ದೇವೇಂದ್ರಪ್ಪ ನಗಲಿಲ್ಲ. ಹಾಳೆಗಳನ್ನು ಒಂದೊಂದಾಗಿ ಜೋಡಿಸಿ ಅಂಚು ಸರಿಮಾಡಿದರು. “ನಲವತ್ತೆಂಟು ವರ್ಷದ ಗಟ್ಟಿ ಆಳು ಮಲಗಿದ ಊರಾಗ ನಂದೇನು ನಡೀತೈತಿ? ಬ್ಯಾಡ ಬಿಡ್ರಿ” ಎಂದರು. ಅಷ್ಟು ಮೆತ್ತಗೆ ಹೇಳಿದರೆಂದರೆ, ಅದಕ್ಕಿಂತ ಅವರು ನನಗೆ ಎರಡೇಟು ಹಾಕಿದ್ದರೆ ಚೆನ್ನಾಗಿತ್ತು.

“ಗೆರೆ ಇರೋ ಜಾಗಕ್ಕೆ ಮಾತ್ರ ನಾನು ಹೋಗಿದೀನಿ ಮೇಷ್ಟ್ರೇ” ಎಂದೆ.

“ಅಲ್ಲಿಗೂ ಶೈಲಜವ್ವನ ಹೋಗಿರಬೇಕು.”

“ಇಲ್ಲ ಅಪ್ಪಾಜಿ, ಅಲ್ಲಿಗೆ ಇವರನ್ನ ನಾನೇ ಕರ್ಕೊಂಡು ಹೋದೆ” ಎಂದಳು ಶೈಲಜಾ. ಬಂದಾಗಿನಿಂದ ಅವಳು ಆಡಿದ ಮೊದಲ ಮಾತು ಅದು. “ಐದನೇ ದಿನ ಟ್ಯಾಕ್ಸಿ ಮಾಡಿದ್ವಿ. ಆ ಜಾಗ ಊರಿಗಿಂತ ಕೆಳಗಿದೆ. ರಸ್ತೆ ಇಳೀತಾ ಇಳೀತಾ ಇವರು ಕಣ್ಣು ಬಿಟ್ರು. ಆಮೇಲೆ ಬಾಯಿ ಬಿಟ್ರು. ಡ್ರೈವರಿಗೆ ಇಂಗ್ಲಿಷ್ ಬರಲ್ಲ, ಆದ್ರೂ ಮೈಸೂರು ದಸರಾ ಪೂರ್ತಿ ಕೇಳಿಸಿಕೊಂಡ, ಪಾಪ.”

“ಎಷ್ಟು ಕೆಳಗ?” ದೇವೇಂದ್ರಪ್ಪ ತಲೆ ಎತ್ತಿದರು.

ಶೈಲಜಾ ಶೀತಲಳ ಕೈಯಿಂದ ಪೆನ್ನು ತೆಗೆದುಕೊಂಡಳು. ಊರು ಎರಡು ಸಾವಿರದ ಎಂಟುನೂರ ಐವತ್ತು, ಗೆರೆ ಇರುವ ಜಾಗ ಎರಡು ಸಾವಿರದ ನಾನೂರ ಎಂಬತ್ತರ ಸುಮಾರು, ವಿಮಾನ ಇಳಿಯುವ ಜಾಗ ಇನ್ನೂ ಸ್ವಲ್ಪ ಕಡಿಮೆ. ಒಂದರ ಕೆಳಗೊಂದು ಬರೆದಳು. ವಿಮಾನ ನಿಲ್ದಾಣದ ಹತ್ತಿರವೇ ರೂಮು ಮಾಡಿ ಎರಡು ದಿನ ಸುಮ್ಮನೆ ಇರಬೇಕು. ಮೂರನೇ ದಿನ ಗೆರೆ. ಮೈ ಒಪ್ಪಿದರೆ ಮಾತ್ರ ಒಂದು ಮಧ್ಯಾಹ್ನ ಹಳೆ ಊರು. ಆಮೇಲೆ ‘ರೋಪ್‌ವೇ’ ಎಂಬ ಮಾತಿನ ಮೇಲೆ ಅಡ್ಡಗೆರೆ ಎಳೆದಳು. ದೇವೇಂದ್ರಪ್ಪ ಆ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಪರೀಕ್ಷೆಯ ಪೇಪರು ತಿದ್ದುವವರ ಹಾಗೆ ಬೆರಳಿಟ್ಟು ಓದಿದರು.

“ಇದನ್ನ ಡಾಕ್ಟರಿಗೆ ಕಳಸಬಹುದು” ಎಂದಳು ಶೀತಲ್. “ಅವರು ಹೂಂ ಅಂದ್ರ ಹೂಂ, ಬ್ಯಾಡಂದ್ರ ಬ್ಯಾಡ. ಒಪ್ಪಿಗಿ?”

“ಒಪ್ಪಿಗಿ” ಎಂದರು ಮೇಷ್ಟ್ರು. ನಂತರ ನನ್ನ ಕಡೆ ತಿರುಗಿ, “ಗೆರಿ ಮ್ಯಾಲೆ ನಿಂತಾಗ ಹೆಂಗನಸ್ತು? ಖರೇ ಹೇಳು.”

“ನಿಲ್ಲಲಿಲ್ಲ. ಕಾಲು ನಡುಗ್ತಿತ್ತು. ಗೆರೆ ಮೇಲೆ ಕೂತುಬಿಟ್ಟೆ” ಎಂದೆ. “ಬಿಸಿಲಿಗೆ ಆ ಹಳದಿ ಬಣ್ಣ ಬೆಚ್ಚಗಿತ್ತು. ಪಕ್ಕದಲ್ಲಿ ಒಬ್ಬ ಅಜ್ಜಿ ಚಪ್ಪಲಿ ಬಿಟ್ಟು, ಗೆರೆಯ ಆಚೆ ಒಂದು ಕಾಲು ಈಚೆ ಒಂದು ಕಾಲು ಇಟ್ಕೊಂಡು ಫೋಟೋ ತೆಗೆಸಿಕೊಳ್ತಿದ್ಳು. ಮಧ್ಯಾಹ್ನ ಬೆಟ್ಟದ ಕಡೆಯಿಂದ ಮೋಡ ಬಂತು. ನಾವು ಎದ್ದು ಬಂದ್ವಿ. ಅಷ್ಟೇ.”

ಇಷ್ಟು ಸಣ್ಣ ಕತೆಯನ್ನು ನಾನು ಹುಟ್ಟಿದಾಗಿನಿಂದ ಹೇಳಿರಲಿಲ್ಲ. ದೇವೇಂದ್ರಪ್ಪ ಮಾತ್ರ ಅಜ್ಜಿ ಎಡಗಾಲು ಯಾವ ಕಡೆ ಇಟ್ಟಿದ್ದಳು, ಉತ್ತರಕ್ಕೋ ದಕ್ಷಿಣಕ್ಕೋ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.

“ಅಂದಂಗ, ಆ ಗೆರಿನೂ ಖರೇ ಜಾಗಾದಾಗ ಇಲ್ಲ, ಗೊತ್ತೈತೇನು? ಖರೇ ವೃತ್ತ ಇನ್ನೂರ ಚಿಲ್ಲರ ಮೀಟರ್ ಆಚೆ ಹಾದು ಹೋಗ್ತೈತಿ” ಎಂದರು, ಕಣ್ಣು ಸಣ್ಣದು ಮಾಡಿ. “ಅದೂ ನಿನ್ನಂಗ. ಭಾಳ ದೂರಿಲ್ಲ, ಆದ್ರ ಅಲ್ಲೂ ಇಲ್ಲ.” ಈಗ ಮನೆಯೆಲ್ಲ ನಕ್ಕಿತು. ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಬೇ ಏರಿಯಾದಲ್ಲಿ ಯಾರೂ ಆಡಿಲ್ಲ.

ಹನ್ನೊಂದು ದಿನದ ಮೇಲೆ ಮತ್ತೆ ಫೋನು. ಡಾಕ್ಟರು ಏನೇನೋ ಪರೀಕ್ಷೆ ಮಾಡಿಸಿ, ಶೈಲಜಾ ಬರೆದ ಹಾಳೆಯ ಕೆಳಗೆ ಸಹಿ ಹಾಕಿದ್ದರು. ಅದಕ್ಕಿಂತ ಒಂದು ಅಡಿಯೂ ಮೇಲೆ ಹೋಗಕೂಡದು.

“ನೀವಿಬ್ಬರೂ ಬರ್ರಿ” ಎಂದರು ದೇವೇಂದ್ರಪ್ಪ. “ಸಾವಕಾಶ ಹೋಗೂಣು. ನನಗ ಜೋಡಿ ಬೇಕು, ನನ್ನಕಿಂತ ಮೊದಲು ಸುಸ್ತಾಗಾವ ಇದ್ರ ಧೈರ್ಯ ಬರ್ತೈತಿ.”

ಹಿಂದಿನಿಂದ ನೀಲವ್ವನ ದನಿ ಕೇಳಿತು: “ಶೈಲಜಾಗ ಹೇಳ್ರಿ, ನಾನೂ ಆಕೀನೂ ಸಂತಿಗೆ ಹೋಗ್ತೇವಿ. ಇವರಿಬ್ಬರೂ ಬೇಕಾದ್ರ ರೂಮಿನ್ಯಾಗ ಮಲಕ್ಕೊಂಡಿರಲಿ.”

ಡಿಸೆಂಬರಿಗೆ ಹೊರಡುತ್ತೇವೆ. ಈ ಸಲ ನಾನು ಎರಡು ದಿನಕ್ಕಿಂತ ಹೆಚ್ಚು ಮಲಗುವುದಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಹೆಚ್ಚೆಂದರೆ ಎರಡೂವರೆ.