ಓದಿನ ವಹಿ

ಕತ್ತು ನಿಲ್ಲಲಿಲ್ಲ. ಗೋಡೆಗೆ ಒರಗಿಸಿ ಕೂರಿಸಿದ್ದ ಸಂಗವ್ವನ ತಲೆಯನ್ನು ಕಲ್ಲಯ್ಯನವರು ಎತ್ತಿ ನೇರ ಮಾಡುತ್ತಿದ್ದರು, ಕೈ ಬಿಟ್ಟ ಕೂಡಲೇ ಅದು ಎಡಕ್ಕೆ ವಾಲುತ್ತಿತ್ತು. ಮೂರನೆಯ ಸಲ ಅವರು ಬಿಳಿ ಬಟ್ಟೆಯೊಂದನ್ನು ಹಣೆಗೆ ಸುತ್ತಿ, ತುದಿಯನ್ನು ಗೋಡೆಯ ಗೂಟಕ್ಕೆ ಬಿಗಿದರು.

"ಭಾಳ ಬಿಗಿ ಆತೇನ್ರಿ ಅಯ್ನೋರ?" ಎಂದ ಸಂಗವ್ವನ ಮಗ ಗುರುಸಿದ್ಧಪ್ಪ.

"ಆಕಿಗಿನ್ನ ಎಲ್ಲಿ ಬಿಗಿ, ಎಲ್ಲಿ ಸಡ್ಲು? ನೋಡು, ಪುರಾಣಾ ಕೇಳಾಕ ಕುಂತಂಗ ಕುಂತಾಳ."

ನಿಜವಾಗಿಯೂ ಹಾಗೇ ಕಾಣುತ್ತಿತ್ತು. ಅವರ ಜನ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಕೂತಂತೆಯೇ ಹೊತ್ತೊಯ್ದು ಕೂತಂತೆಯೇ ಮಣ್ಣಿಗಿಡುತ್ತಾರೆ. ಅರವತ್ತೆಂಟು ವರ್ಷದ ಸಂಗವ್ವ ಬೆಳಗಿನ ಜಾವ ಚಹಾ ಕೇಳಿ, ಅದು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಸಾಂಗ್ಲಿ ಪೇಟೆಯ ಈ ಅರಿಶಿನದ ಅಂಗಡಿಯ ಹಿಂದಿನ ಮನೆಗೆ ಅವಳು ಸೊಸೆಯಾಗಿ ಬಂದಾಗ ಊರಿಗೆ ರಾಜನಿದ್ದ. ಆಮೇಲೆ ಸಂಸ್ಥಾನ ಹೋಗಿ ಮುಂಬಯಿ ಪ್ರಾಂತವಾಯಿತು. ಆರು ತಿಂಗಳ ಹಿಂದೆ ಆ ಮುಂಬಯಿಯನ್ನೂ ಕತ್ತರಿಸಿ, ಬೇರೆ ಕಡೆಯಿಂದ ತಂದು ಜೋಡಿಸಿ, ಹೊಸದೊಂದು ಮುಂಬಯಿ ಮಾಡಿದ್ದರು. ಮನೆ ಬದಲಿಸದೆಯೇ ಮೂರು ಸರಕಾರ ಕಂಡ ಮುದುಕಿ ಅವಳು.

ಮೊಮ್ಮಗಳು ಸರುಬಾಯಿ ಬಾಗಿಲ ಪಕ್ಕ ನಿಂತಿದ್ದಳು. ಹದಿನೈದು ವರ್ಷ. ಬೆಳಗಿನಿಂದ ಅತ್ತಿರಲಿಲ್ಲ. ಅವಳ ಕಣ್ಣು ಮತ್ತೆ ಮತ್ತೆ ಬೀದಿಯ ಕಡೆಗೇ ಹೋಗುತ್ತಿತ್ತು. ಇವತ್ತು ಶ್ರೀಪಾಲ ಮಾಸ್ತರರು ಬರುವವರಿದ್ದರು.

ಟಾಂಗಾ ಬಂದು ನಿಂತಿತು. ಟ್ರಂಕು, ಹಾಸಿಗೆಯ ಸುರುಳಿ ಹೇರಿಕೊಂಡು ಮಾಸ್ತರರು ಊರು ಬಿಟ್ಟು ಹೊರಟಿದ್ದರು. ಕನ್ನಡ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಕಲಿಸಿದವರು. ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿದ್ದರಿಂದ ತಮಗೆ ಆ ಕಡೆಯ ನೌಕರಿಯೇ ಬೇಕೆಂದು ಬರೆದುಕೊಟ್ಟಿದ್ದರು. ಮಧ್ಯಾಹ್ನ ಮಿರಜದಲ್ಲಿ ರೈಲು. ಹೋಗುವ ಮುಂಚೆ ಸರುಬಾಯಿಯ ಮನೆಗೆ ಒಂದು ಪತ್ರ ಕೊಟ್ಟು ಹೋಗುವುದಿತ್ತು. ಸಾವಿನ ಮನೆಯೆಂದು ಅವರಿಗೆ ಬೀದಿಯ ತುದಿಯಲ್ಲಷ್ಟೇ ಗೊತ್ತಾಗಿತ್ತು.

ಚಪ್ಪಲಿ ಬಿಟ್ಟು ಒಳಗೆ ಬಂದು, ಸಂಗವ್ವನಿಗೆ ಕೈಮುಗಿದು, ಗುರುಸಿದ್ಧಪ್ಪನ ಪಕ್ಕ ಕೂತರು. ಕಂಕುಳಲ್ಲಿ ನೀಲಿ ರಟ್ಟಿನ ವಹಿ ಇತ್ತು. ಸರುಬಾಯಿಯ ಓದಿನ ವಹಿ.

"ಸಮಾಧಾನ ಮಾಡ್ಕೋರಿ ಅಪ್ಪಾರ. ಇಂಥಾ ಮೊಮ್ಮಗಳನ್ನ ಬಿಟ್ಟ ಹೋಗ್ಯಾಳ, ಪುಣ್ಯವಂತಿ," ಎಂದರು. "ಈ ವಹಿ ನಾ ಬೆಳಗಾವಿಗೆ ಒಯ್ಯಾಂವ. ಅಲ್ಲಿ ಹುಡುಗೂರಿಗೆ ಓದಿ ತೋರಸಾಂವ. ಇಕಿನ್ನ ಅಲ್ಲಿ ಓದಾಕ ಇಟಗೋರಿ ಅಂತ ಹಾಸ್ಟೆಲ್ಲಿನ ದೊಡ್ಡ ಬಾಯಾರಿಗೆ ಪತ್ರಾನೂ ಬರದೇನಿ. ಈ ಹುಡುಗಿ ತನ್ನ ತಲೀಲೆ ವಿಚಾರ ಮಾಡತಾಳ ಅಂತ."

"ನೀವು ಹೇಳಿದ್ದಕ್ಕ ಹೂಂ ಅಂದೇನ್ರಿ. ಇಲ್ಲಾಂದ್ರ ಹೆಣ್ಮಗಳನ್ನ ಯಾರ ಅಷ್ಟ ದೂರ ಕಳಸ್ತಾರ?" ಎಂದ ಗುರುಸಿದ್ಧಪ್ಪ.

ಸರುಬಾಯಿ ಹಿತ್ತಲಿಗೆ ಹೋಗಿ ಬಾನಿಯ ನೀರಿನಿಂದ ಮುಖ ತೊಳೆದುಕೊಂಡಳು. ಆ ವಹಿಯಲ್ಲಿದ್ದುದು ಹದಿನಾರು ಹಾಳೆ. ಅದರಲ್ಲಿ ಹನ್ನೊಂದು ಅವಳವಲ್ಲ.

*

ಮಾಸ್ತರರು ವರ್ಷದ ಆರಂಭದಲ್ಲೇ ಹೇಳಿದ್ದರು: ಪುಸ್ತಕ ಓದಿ, ಮಾಸಪತ್ರಿಕೆಯ ಲೇಖನ ಓದಿ; ಅದರಲ್ಲಿ ಏನಿದೆ ಎಂದು ಬರೆಯಬೇಡಿ, ಓದಿದಾಗ ನಿಮಗೇನು ಅನ್ನಿಸಿತು ಎಂದು ಬರೆಯಿರಿ. ಸರುಬಾಯಿಗೆ ಏನೂ ಅನ್ನಿಸುತ್ತಿರಲಿಲ್ಲ. ಗಟ್ಟಿಯಾಗಿ ಓದಿದರೆ ಏನಾದರೂ ಅನ್ನಿಸೀತೆಂದು, ಅರಿಶಿನದ ಕೊಂಬು ಆರಿಸುತ್ತ ಕೂತ ಅಜ್ಜಿಯ ಎದುರು ಓದತೊಡಗಿದಳು.

ಅಂದು ಓದಿದ್ದು ಗಾಳಿಯ ಮೇಲಿನ ಲೇಖನ. ಗಾಳಿಯಲ್ಲಿ ಒಂದು ಭಾಗ ದೀಪ ಉರಿಸುತ್ತದೆ, ಜೀವ ಉಳಿಸುತ್ತದೆ. ಅದಿಲ್ಲದ ಕಡೆ ದೀಪ ಆರುತ್ತದೆ, ಮನುಷ್ಯನೂ ಬದುಕುವುದಿಲ್ಲ ಎಂದಿತ್ತು. ಸಂಗವ್ವನ ಕೈ ನಿಂತಿತು.

"ಇದನ್ನ ಯಾರ ಕಂಡಹಿಡದ್ರು?"

"ದೊಡ್ಡ ದೊಡ್ಡ ವಿಜ್ಞಾನಿಗಳು, ಆಯಿ."

"ನಮ್ಮ ಲಗಮಣ್ಣಾನೂ ಕಂಡಹಿಡದಿದ್ದ. ಹೇಳಾಕ ಮ್ಯಾಲ ಬರಲಿಲ್ಲ."

ಲಗಮಣ್ಣ ಅವಳ ಅಣ್ಣ. ಸಾಂಗ್ಲಿಯ ಪಕ್ಕದ ಹರಿಪುರದಲ್ಲಿ ಅರಿಶಿನವನ್ನು ನೆಲದೊಳಗೆ ಆಳವಾದ ಪೇವುಗಳಲ್ಲಿ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಇಡುತ್ತಾರೆ. ವರ್ಷಗಟ್ಟಲೆ ಇಟ್ಟರೂ ಹುಳ ಬೀಳುವುದಿಲ್ಲ. ಆದರೆ ಪೇವಿನ ಬಾಯಿ ತೆಗೆದ ಮೇಲೆ ತಾಸುಗಟ್ಟಲೆ ಕಾಯಬೇಕು. ಕಂದೀಲು ಇಳಿಬಿಟ್ಟು, ಅದು ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಹತ್ತೊಂಬತ್ತು ವರ್ಷದ ಲಗಮಣ್ಣ ಅವಸರ ಮಾಡಿದ್ದ.

ಸಂಗವ್ವ ಕೈಯಲ್ಲಿದ್ದ ಕೊಂಬನ್ನು ಕೆಳಗಿಟ್ಟಳು. ಆಮೇಲೆ ಮೊಮ್ಮಗಳ ಕೈಯಲ್ಲಿದ್ದ ಪತ್ರಿಕೆಯ ಕಡೆ ಗದ್ದ ತೋರಿಸಿದಳು.

"ನೀ ಇದನ್ನ ತಗದ ತಕ್ಷಣ ಒಳಗ ಓಡತಿ. ಇದೂ ಪೇವ ಅಲ್ಲೇನ? ಯಾವ ಕಾಲದಾಗೋ ಯಾರೋ ತುಂಬಿ ಮುಚ್ಚಿಟ್ಟಾರ. ಬಾಯಿ ತಗದ ಸ್ವಲ್ಪ ದಂಡಿ ಮ್ಯಾಲ ಕುಂದರಬೇಕು. ನಿನ್ನ ದೀಪ ಒಳಗ ಬಿಟ್ಟ ನೋಡಬೇಕು. ಉರದ್ರ ಇಳಿ. ಆರಿದ್ರ, ಅದು ಎಷ್ಟ ಬಂಗಾರದಂಥಾ ಮಾಲ ಇದ್ರೂ ನಿನಗಲ್ಲ."

ಸಹಿ ಹಾಕಲು ಬಾರದ ಈ ಮುದುಕಿಯ ಒಳಗೆ ಇಂಥದ್ದು ಇದೆಯೆಂದು ಸರುಬಾಯಿಗೆ ಗೊತ್ತೇ ಇರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಓಡಿಹೋಗಿ ವಹಿ ತಂದು, ಅಜ್ಜಿಯ ಮಾತಿಗೆ ಪುಸ್ತಕದ ಭಾಷೆಯ ಅಂಗಿ ತೊಡಿಸಿ ಬರೆದಿಟ್ಟಳು.

*

ಮಾಸ್ತರರು ಅದನ್ನು ತರಗತಿಯಲ್ಲಿ ಎರಡು ಸಲ ಓದಿದರು. ಕನ್ನಡಕ ತೆಗೆದು ಕೇಳಿದರು:

"ಇದು ನಿಂದೇ ವಿಚಾರೇನು ಸರೂ?"

"ಹೂಂ ರಿ, ಮಾಸ್ತರ."

ಸುಳ್ಳು ನಾಲಿಗೆಯಿಂದ ಜಾರಿಬಿಟ್ಟಿತು. ಒಂದು ಸಲ ಜಾರಿದ ಮೇಲೆ ದಾರಿ ಸಲೀಸಾಯಿತು. ಪ್ರತಿ ವಾರ ಅವಳು ಅಜ್ಜಿಗೆ ಓದುತ್ತಿದ್ದಳು, ಅಜ್ಜಿ ಏನಾದರೂ ಅನ್ನುತ್ತಿದ್ದಳು, ಸರುಬಾಯಿ ಬರೆಯುತ್ತಿದ್ದಳು. ಅಜ್ಜಿ ಏನೂ ಅನ್ನದ ವಾರ ತನ್ನದೇ ಬರೆದರೆ, ಮಾಸ್ತರರು ಕೆಳಗೆ 'ಪರವಾಗಿಲ್ಲ' ಎಂದು ಮಾತ್ರ ಬರೆಯುತ್ತಿದ್ದರು.

ಕಳ್ಳತನ ಮನಸ್ಸನ್ನು ಕೊರೆದು, ಒಂದು ಮಧ್ಯಾಹ್ನ ಆ ಪೇವಿನ ಹಾಳೆಯನ್ನು ಅಜ್ಜಿಗೇ ಓದಿ ತೋರಿಸಿದಳು. ಅಜ್ಜಿ ಕಂಡುಹಿಡಿದು ಬೈಯಲಿ, ಕಿವಿ ಹಿಂಡಲಿ ಎಂದೇ ಓದಿದಳು. ಸಂಗವ್ವ ಕಣ್ಣು ಮುಚ್ಚಿ ಕೇಳಿದಳು. ಓದಿ ಮುಗಿದಾಗ ಆ ಕಣ್ಣಲ್ಲಿ ನೀರಿತ್ತು.

"ಯಾರ ಬರದಾರವಾ ಇದನ್ನ? ಭಾಳ ತಿಳದಾಂವ ಇರಬೇಕು," ಎಂದಳು. "ಪಾಪ, ಅವನ ಮನ್ಯಾಗೂ ಯಾರರ ಪೇವಿನ್ಯಾಗ ಸತ್ತಿರಬೇಕು. ಸತ್ತಿರದಿದ್ರ ಇದು ತಿಳಿಯೂದಿಲ್ಲ."

ನೀನೇ ಆಯಿ, ಇದು ನಿನ್ನ ಮಾತೇ ಎಂದು ಹೇಳಲು ಸರುಬಾಯಿ ಬಾಯಿ ತೆರೆದಳು. ಹೇಳಿದರೆ ಅಜ್ಜಿ ಅಪ್ಪನಿಗೆ ಹೇಳುತ್ತಾಳೆ, ಅಪ್ಪ ಮಾಸ್ತರರಿಗೆ ಹೇಳುತ್ತಾನೆ, ಬೆಳಗಾವಿ ತಪ್ಪುತ್ತದೆ. ಪರೀಕ್ಷೆ ಮುಗಿಯಲಿ ಎಂದುಕೊಂಡಳು. ಪರೀಕ್ಷೆ ಮುಗಿದ ನಾಲ್ಕನೆಯ ದಿನ ಅಜ್ಜಿ ಚಹಾ ಕೇಳಿದಳು.

*

ಹೂವು ಕಟ್ಟಿದ ಬಿದಿರಿನ ವಿಮಾನದಲ್ಲಿ ಸಂಗವ್ವನನ್ನು ಕೂರಿಸಿ ಎತ್ತಿದರು. ಹೊತ್ತವರು ಪೇಟೆಯ ಹಮಾಲರು. ದಿನಕ್ಕೆ ನೂರು ಚೀಲ ಹೊರುವ ಹೆಗಲುಗಳಿಗೆ ಆ ಮುದುಕಿ ಹಗುರ. ಮುಂದೆ ಕಲ್ಲಯ್ಯನವರ ಶಂಖ, ಹಿಂದೆ ಭಜನೆ. ಪೇಟೆಯ ತಿರುವಿನವರೆಗೆ ಹೆಂಗಸರೂ ಬಂದರು. ಅಲ್ಲಿ ಹೆಗಲು ಬದಲಿಸಲು ವಿಮಾನವನ್ನು ಇಳಿಸುವುದು ರೂಢಿ. ಹೆಂಗಸರು ಮನೆಗೆ ಮರಳುವುದೂ ಅಲ್ಲಿಂದಲೇ, ಮಿರಜದ ರಸ್ತೆ ಕವಲಾಗುವುದೂ ಅಲ್ಲಿಂದಲೇ.

"ಮಾಸ್ತರ, ಚಲಾ ಲವಕರ. ಗಾಡಿ ತಪ್ಪತೈತಿ," ಎಂದು ಟಾಂಗಾದ ಬಾಳು ಕೂಗಿದ.

ಮಾಸ್ತರರು ಸಂಗವ್ವನಿಗೆ ಮತ್ತೊಮ್ಮೆ ಕೈಮುಗಿದು, ಜೇಬಿನಿಂದ ಪತ್ರ ತೆಗೆದು ಗುರುಸಿದ್ಧಪ್ಪನಿಗೆ ಕೊಡಲು ಹೋದರು. ವಹಿ ಇನ್ನೂ ಅವರ ಕಂಕುಳಲ್ಲೇ ಇತ್ತು. ಇನ್ನೊಂದು ಗಳಿಗೆಯಲ್ಲಿ ವಹಿ ರೈಲಿನ ಕಡೆಗೆ, ಅಜ್ಜಿ ಮಣ್ಣಿನ ಕಡೆಗೆ. ಸರುಬಾಯಿಯ ಕಾಲು ತಾನಾಗಿ ಮುಂದೆ ಬಂತು.

"ಮಾಸ್ತರ, ಕೊಡಬ್ಯಾಡ್ರಿ. ಆ ಪತ್ರಾ ಹರದ ಹಾಕ್ರಿ."

"ಏನಂದಿ?"

"ವಹಿಯೊಳಗಿಂದು ನಂದಲ್ಲರಿ. ಆಯಿದು. ನಾ ಓದತಿದ್ದೆ, ಆಕಿ ಹೇಳತಿದ್ದಳು. ನಾ ಬರೇ ಬರಕೊಂಡೆ. ನೀವು ಕೇಳಿದಾಗ ಸುಳ್ಳ ಹೇಳಿದೆ."

ಭಜನೆಯ ತಾಳ ನಿಂತಿತು. ಮಾಸ್ತರರು ವಹಿಯನ್ನೊಮ್ಮೆ, ವಿಮಾನದಲ್ಲಿ ಕೂತವಳನ್ನೊಮ್ಮೆ ನೋಡಿದರು.

"ಪೇವಿನ ಮಾತು?"

"ಆಯಿದು."

"ನದಿಗೆ ಎರಡ ದಂಡಿ ಯಾಕ ಬೇಕು ಅಂತ ಬರದಿದ್ದೆಲಾ?"

"ಅದೂ ಆಯಿದು. ಹನ್ನೊಂದ ಹಾಳಿ ಆಯಿದು. ನೀವು 'ಪರವಾಗಿಲ್ಲ' ಅಂತ ಬರದ ಐದು ನನ್ನವು."

ಮಾಸ್ತರರು ನಿಧಾನವಾಗಿ ಕಾಲಿನ ಚಪ್ಪಲಿ ಬಿಟ್ಟರು. ಇಷ್ಟು ದಿನ ಅವರು ಮನೆಯಲ್ಲಿ ಕೂತು ಓದಿ ಬೆರಗಾದ ಮನುಷ್ಯ ಈ ಮುದುಕಿ. ಇವಳ ಮನೆಗೆ ನಾಲ್ಕು ಸಲ ಬಂದು, ಇವಳು ಕೊಟ್ಟ ನೀರು ಕುಡಿದು, ಒಂದು ಮಾತೂ ಆಡಿಸದೆ ಹೋಗಿದ್ದರು.

"ಅವ್ವ ಹಿಂಗೆಲ್ಲಾ ಮಾತಾಡತಿದ್ಲೇನು?" ಗುರುಸಿದ್ಧಪ್ಪನ ದನಿ ಚಿಕ್ಕ ಮಗುವಿನದಾಗಿತ್ತು. "ನಲವತ್ತಾರು ವರ್ಷ ಆಕಿ ಕೈಯಾಗ ಉಂಡೇನಿ. ನನಗೆಂದೂ ಹೇಳಲಿಲ್ಲಲಾ."

"ನೀ ಎಂದ ಕೇಳಿದಿ?" ಎಂದಳು ನೆರೆಮನೆಯ ಚಂದ್ರಾಬಾಯಿ. ಸಾವಿನ ದಿನವೂ ಅವಳ ನಾಲಿಗೆಗೆ ರಜೆಯಿಲ್ಲ. "ಉಪ್ಪು ಕಡಿಮಿ ಆಗೇತಿ ಅಂತ ಹೇಳಿದಿ. ಅಷ್ಟಕ್ಕ ಎದ್ದಿ."

ಗುರುಸಿದ್ಧಪ್ಪ ಅದಕ್ಕೆ ಸಿಟ್ಟಾಗಲಿಲ್ಲ. ಮಾಸ್ತರರ ಕೈಯಲ್ಲಿ ಅರ್ಧಕ್ಕೆ ನಿಂತಿದ್ದ ಪತ್ರವನ್ನು ತಾನೇ ತೆಗೆದುಕೊಂಡು, ಹರಿಯದೆ, ಮಡಿಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ. ಮಾಸ್ತರರು ಬೇಡವೆನ್ನಲಿಲ್ಲ. ಆಮೇಲೆ ಗುರುಸಿದ್ಧಪ್ಪ ಅವರ ಕಂಕುಳಿನ ವಹಿಯನ್ನೂ ತೆಗೆದು ಮಗಳ ಕೈಗೆ ಕೊಟ್ಟ.

"ಓದು," ಎಂದ. "ನಾ ಆಕಿ ಮಾತು ಕೇಳಬೇಕು."

"ಗುರುಸಿದ್ಧಪ್ಪಾ, ಹೊತ್ತ ಮೀರತೈತಿ," ಎಂದರು ಕಲ್ಲಯ್ಯನವರು.

"ಒಂದ ಹಾಳಿ ಅಯ್ನೋರ. ಕೈಮುಗಿತೀನಿ."

ಅವನು ಬೀದಿಯ ಧೂಳಿನಲ್ಲೇ, ತಾಯಿಯ ಎದುರು ಕೂತುಬಿಟ್ಟ. ಅವನು ಕೂತದ್ದನ್ನು ಕಂಡು ಹಮಾಲರು ರುಮಾಲು ಬಿಚ್ಚಿ ಕೂತರು. ಹೆಂಗಸರು ಕೂತರು. ಮಾಸ್ತರರು ಎಲ್ಲರಿಗಿಂತ ಮುಂದೆ, ಮೊದಲ ಸಾಲಿನ ವಿದ್ಯಾರ್ಥಿಯಂತೆ ಕಾಲು ಮಡಚಿ ಕೂತರು. ಬಾಳು ಇನ್ನೊಮ್ಮೆ ಕೂಗಲು ಹೋಗಿ, ಸುಮ್ಮನೆ ಟಾಂಗಾ ಇಳಿದು ಬಂದ.

ಸರುಬಾಯಿ ಕೊನೆಯ ಹಾಳೆ ತೆರೆದಳು. ಹೊಸ ರಾಜ್ಯಗಳ ನಕ್ಷೆಯ ಬಗ್ಗೆ ಬಂದ ಲೇಖನ ಓದಿ ಬರೆದದ್ದು. ಊರು ಬಿಡುವ ಗಡಿಬಿಡಿಯಲ್ಲಿ ಮಾಸ್ತರರು ಅದನ್ನಿನ್ನೂ ನೋಡಿರಲಿಲ್ಲ. ಬರೆದಿದ್ದು ಪುಸ್ತಕದ ಭಾಷೆಯಲ್ಲಿ. ಆದರೆ ಇವತ್ತು ಅವಳು ಆ ಅಂಗಿಯನ್ನು ಕಳಚಿ, ಅಜ್ಜಿ ಅಂದಂತೆಯೇ ಅಂದಳು:

"ಸಲಗರಿ ಊರು ಈ ಕಡಿ, ನನ್ನ ತಂಗಿ ಮನಿ ಆ ಕಡಿ ಅಂತಿ. ನಡುವ ಗೆರಿ ಎಳದಾರ ಅಂತಿ. ಎಳದಾವರೂ ಮನಷ್ಯಾರ ಅಲ್ಲೇನು? ಅಷ್ಟ ಉದ್ದದ ಗೆರಿ ಒಂದ ಉಸಿರಿನ್ಯಾಗ ಎಳದಿರೂದಿಲ್ಲ. ನಡುವ ಒಮ್ಮೆರ ನೀರ ಕುಡ್ಯಾಕ ಕೈ ಎತ್ತಿರತಾರ. ಅಲ್ಲಿ ಗೆರಿ ತುಸು ತೆಳ್ಳಗ ಇರತೈತಿ. ಆ ಜಾಗಾ ಎಲ್ಲೈತಿ ನೋಡಿ ಹೇಳು. ನಾ ಅಲ್ಲಿಂದ ದಾಟಿ, ತಂಗಿ ಮನ್ಯಾಗ ಉಂಡ ಬರತೇನಿ."

ಮೊದಲು ನಕ್ಕವನು ಬಾಳು. ಆಮೇಲೆ ಹಮಾಲರು. ಆಮೇಲೆ ಕಲ್ಲಯ್ಯನವರ ಹೊಟ್ಟೆಯೂ ಕುಲುಕಿತು. ಗುರುಸಿದ್ಧಪ್ಪ ನಗುತ್ತ ನಗುತ್ತ ಅಳತೊಡಗಿದ, ಮಾಸ್ತರರು ಅಳುತ್ತ ಅಳುತ್ತ ನಗತೊಡಗಿದರು. ಸರುಬಾಯಿಗೂ ಬೆಳಗಿನಿಂದ ಬಾರದ ಅಳು ಬಂತು. ಕಣ್ಣೊರೆಸಿಕೊಂಡು ಮುಂದಿನ ಸಾಲು ಅಂದಳು.

ಸಮಡೋಳಿ ಹಳ್ಳಿಯಿಂದ ಚೀಲ ಹೇರಿಕೊಂಡು ಬಂದ ಚಕ್ಕಡಿಯೊಂದು ದಾರಿಯಿಲ್ಲದೆ ಹಿಂದೆ ನಿಂತಿತು. ಗಾಡಿಯವನು ನೊಗದ ಮೇಲೆ ನಿಂತು ಕತ್ತು ಚಾಚಿದ. ಬೀದಿಯ ತುಂಬ ಕೂತ ಜನ, ನಗು, ಅಳು, ನಡುವೆ ಯಾವುದೋ ಮಾತು.

"ಕಾಯ್ ಝಾಲಂ? ಏನಾತು? ಯಾರು ಮಾತಾಡಾಕತ್ತಾರ ಅಲ್ಲಿ?"

ಚಂದ್ರಾಬಾಯಿ ತಿರುಗಿಯೂ ನೋಡದೆ ಕೈಯೆತ್ತಿ, ಹೂವಿನ ನಡುವೆ ಕೂತವಳನ್ನು ತೋರಿಸಿದಳು.