ಹಳೆಯ ಪಾಸ್‌ವರ್ಡ್ ನಮೂದಿಸಿ

ಯಾರದೋ ಚಪ್ಪಲಿಯ ಸದ್ದು ಬಾಗಿಲ ತನಕ ಬಂದು ನಿಂತು ಹಿಂದಕ್ಕೆ ಹೋಯಿತು, ಒಳಗೆ ಬರುವ ಧೈರ್ಯ ಯಾರಿಗೂ ಇಲ್ಲ, ಬಾರದಿದ್ದರೇ ಒಳ್ಳೆಯದು, ಪರದೆಯ ಮೇಲೆ ಅದೇ ಸಾಲು, ಹಳೆಯ ಪಾಸ್‌ವರ್ಡ್ ನಮೂದಿಸಿ, ಕೆಳಗೆ ಖಾಲಿ ಚೌಕ — ಬೆಳಿಗ್ಗೆ ಹತ್ತಕ್ಕೆ ಡಿಸ್ಕ್ ಕೆಟ್ಟಿತು, ಆಸ್ಪತ್ರೆಯ ಬ್ಲಡ್ ಬ್ಯಾಂಕಿನ ದಾಖಲೆಯೆಲ್ಲ ಹೋಯಿತು, ಹೋದರೆ ಹೋಗಲಿ ಬ್ಯಾಕಪ್ ಇದೆಯಲ್ಲ ಎಂದು ಎದೆ ತಟ್ಟಿ ಹೇಳಿದವಳು ನಾನೇ, ಇದೆ, ನಿನ್ನೆಯ ತನಕದ್ದೂ ಇದೆ, ಕಣ್ಣಿಗೆ ಕಾಣುತ್ತದೆ, ತೆಗೆದಿಡಲು ಬೇರೆ ಖಾತೆ ಸಾಕು, ಆದರೆ ಅದನ್ನು ಹಿಂದಕ್ಕೆ ತರಬೇಕಾದ ತಂತ್ರಾಂಶ ಡೇಟಾಬೇಸಿನ ಬಾಗಿಲಿಗೆ ಹೋಗಿ ಸರ್ ಹೆಸರು ಹೇಳುತ್ತದೆ, ನಮ್ಮ ಕಂಪ್ಯೂಟರ್ ವಿಭಾಗದ ಹಿರಿಯರು ಸರ್, ತೀರಿಕೊಂಡು ಹನ್ನೊಂದು ದಿನವಾಯಿತು, ಅವರ ಖಾತೆಯನ್ನು ಅಳಿಸಿದವಳೂ ನಾನೇ, ಕೆಲಸ ಬಿಟ್ಟವರದ್ದಾಗಲಿ ತೀರಿಹೋದವರದ್ದಾಗಲಿ ಎರಡು ಗಂಟೆಯೊಳಗೆ ಅಳಿಸಬೇಕು, ಆ ನಿಯಮ ಬರೆದವರು ಸರ್, ನಾನು ಹೆಣ ನೋಡಲು ಹೋಗುವ ಮೊದಲೇ ಅಳಿಸಿದೆ, ಅಷ್ಟು ಜಾಣೆ ನಾನು. ಮತ್ತೆ ಅದೇ ಹೆಸರಿನಲ್ಲಿ ಹೊಸ ಖಾತೆ ತೆರೆದೆ, ಹೆಸರು ಒಂದೇ ಆದರೂ ಒಳಗಿನ ಗುರುತು ಬೇರೆಯಂತೆ, ಇವರು ಅವರಲ್ಲ ಎನ್ನುತ್ತದೆ, ಹೋಗಲಿ ನನ್ನ ಹೆಸರನ್ನಾದರೂ ಒಪ್ಪಿಕೋ ಎಂದರೆ ತಂತ್ರಾಂಶ ಮೊದಲು ಸರ್ ಇಟ್ಟ ಹಳೆಯ ಪಾಸ್‌ವರ್ಡ್ ಕೊಡು ಎನ್ನುತ್ತದೆ, ದೇವರು ವರ ಕೊಟ್ಟರೂ ಪೂಜಾರಿ ಬಿಡ, ತಂತ್ರಾಂಶದ ಕಂಪನಿಗೆ ಫೋನ್ ಮಾಡಿದರೆ ಆತ ನಯವಾಗಿ, ಅದು ನಮ್ಮ ಹತ್ರಾನೂ ಇರಲ್ಲ ಮೇಡಂ, ಅದಕ್ಕೇ ಅಲ್ವಾ ಅದು ಸುರಕ್ಷಿತ. ಐದು ಸಲ ತಪ್ಪಿದರೆ ಒಂದು ದಿನ ಬಾಗಿಲು ಹಾಕಿಕೊಳ್ಳುತ್ತದೆ, ಮೂರು ಸಲ ಆಗಲೇ ತಪ್ಪಿದ್ದೇನೆ.

ಬ್ಲಡ್ ಬ್ಯಾಂಕಿನ ಅಕ್ಕ ಮತ್ತೆ ಫೋನ್ ಮಾಡಿದಳು, ಬಂತೇನೇ, ಇಲ್ಲ ಅಕ್ಕ, ಐದನೇ ಮಹಡಿ ಡಾಕ್ಟ್ರು ನನ್ನ ಪ್ರಾಣ ತಿಂತಿದಾರೆ ಕಣೇ, ಗೊತ್ತು ಅಕ್ಕ — ಐದನೇ ಮಹಡಿಯಲ್ಲಿ ಒಬ್ಬ ಟೈಲರ್ ಹೆಂಗಸು, ಒಳಗೆಲ್ಲೋ ರಕ್ತ ಸೋರುತ್ತಿದೆ, ಎಷ್ಟೋ ಸಲ ರಕ್ತ ಹಾಕಿಸಿಕೊಂಡ ಮೈ, ಈಗ ಗುಂಪು ಹೊಂದುವ ರಕ್ತವೂ ಅವಳಿಗೆ ಆಗುವುದಿಲ್ಲ, ಹೋದ ವರ್ಷ ತಪ್ಪು ಬಾಟಲಿ ಹಾಕಿ ಸಾವಿನ ಬಾಯಿಂದ ಎಳೆದು ತಂದಿದ್ದಾರೆ, ಯಾವ ಬಗೆಯದು ಒಗ್ಗುತ್ತದೆ ಎಂಬುದು ದಾಖಲೆಯಲ್ಲಿ ಮಾತ್ರ ಇದೆ, ಹೊಸದಾಗಿ ಪರೀಕ್ಷೆ ಮಾಡಿ ಕಂಡುಹಿಡಿಯಲು ಐದು ಗಂಟೆ, ಅಕ್ಕ ಶುರು ಮಾಡಿದ್ದಾಳೆ, ಆದ್ರೆ ಅಷ್ಟು ಹೊತ್ತು ಆ ಯಮ್ಮ ಇರ್ತಾಳಾ ಕಣೇ. ಆಗಲೇ ಐದನೇ ಮಹಡಿಗೆ ಹೋಗಿದ್ದಾಗ ಲಿಫ್ಟಿನ ಪಕ್ಕದ ಬೆಂಚಿನಲ್ಲಿ ಅವಳ ಗಂಡ ಕೂತಿದ್ದ, ಹೆಂಡತಿಯ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸುತ್ತಾ, ಒರೆಸಿ ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸುತ್ತಾ, ನನ್ನನ್ನು ನರ್ಸ್ ಅಂದುಕೊಂಡು ಎದ್ದು ನಿಂತ, ನಾನು ಕಂಪ್ಯೂಟರಿನವಳು ಎಂದೆ, ಓ ಹಾಗಾ ಎಂದು ಕೂತ, ಕಂಪ್ಯೂಟರಿಗೂ ತನ್ನ ಹೆಂಡತಿಗೂ ಏನು ಸಂಬಂಧ ಎಂದುಕೊಂಡಿರಬೇಕು. ಪ್ರತಿದಿನ ಬೆಳಿಗ್ಗೆ ಬಂದ ಕೂಡಲೇ ಹಸಿರು ಗುರುತು ನೋಡುತ್ತಿದ್ದೆ, ಬ್ಯಾಕಪ್ ಯಶಸ್ವಿ, ಪುಸ್ತಕದಲ್ಲಿ ಸಹಿ, ಆಮೇಲೆ ಕಾಫಿ, ಸರ್ ಹೇಳುತ್ತಿದ್ದರು, ತೆಗೆದಿಡೋದೇನು ದೊಡ್ಡ ಮಾತಲ್ಲಮ್ಮ, ತಿರುಗಿ ತರೋಕೆ ಬರುತ್ತಾ ನೋಡ್ಬೇಕು, ಒಂದು ದಿನ ಕೂತು ಮಾಡೋಣ, ಆಗಲಿ ಸರ್ ಎಂದೆ, ಆ ಒಂದು ದಿನ ಬರಲೇ ಇಲ್ಲ, ಇವತ್ತು ಬಂದಿದೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು.

ಬೀಗಪ್ಪ ಎನ್ನುತ್ತಿದ್ದರು ಅವರನ್ನು ಇಡೀ ಆಸ್ಪತ್ರೆಯಲ್ಲಿ, ಊಟದ ಡಬ್ಬಿಗೂ ಬೀಗ ಹಾಕ್ತಾರೆ ಎಂದು ನಗುತ್ತಿದ್ದೆವು, ಬರೆದಿಟ್ಟ ಪಾಸ್‌ವರ್ಡ್ ತೆರೆದಿಟ್ಟ ಬಾಗಿಲು ಎಂದು ಯಾರಿಗೂ ಬರೆಯಗೊಡಲಿಲ್ಲ, ತಾವೂ ಬರೆಯಲಿಲ್ಲ, ಸಿಟ್ಟು ಬರುತ್ತಿದೆ ಸರ್ ನಿಮ್ಮ ಮೇಲೆ, ಸತ್ತವರ ಮೇಲೆ ಸಿಟ್ಟಾಗಬಾರದು ಆದರೂ ಬರುತ್ತಿದೆ — ಅವರ ಹೆಂಡತಿಗೆ ಫೋನ್ ಮಾಡಿದೆ, ನಾಚಿಕೆ ಬಿಟ್ಟು ಕೇಳಿದೆ, ಎಲ್ಲಾದ್ರೂ ಡೈರಿಯಲ್ಲಿ ಇದೆಯಾ ನೋಡ್ತೀರಾ, ಇಲ್ಲ ಕಣಮ್ಮ, ನಿನಗೇ ಹೇಳಿದಾರೆ ಅಂತ ತಿಳಿದಿದ್ದೆ ನಾನು. ನನಗೇ? ಹೂಂ, ಐಸಿಯುನಲ್ಲಿ ನೀನು ಬಂದಾಗಲೆಲ್ಲ ಬೆರಳಲ್ಲಿ ಏನೋ ಬರೀತಿದ್ರಲ್ಲ, ಬೇರೆ ಯಾರು ಬಂದ್ರೂ ಬರೀತಿರ್ಲಿಲ್ಲ. ಫೋನ್ ಇಟ್ಟೆ. ಬೆರಳು. ಗಂಟಲಲ್ಲಿ ಕೊಳವೆ, ಮಾತಿಲ್ಲ, ನರ್ಸ್ ಪೆನ್ನು ಕೊಟ್ಟರೆ ತಲೆ ಅಲ್ಲಾಡಿಸಿದರು, ಬೇಡ, ಆಮೇಲೆ ಬಿಳಿ ಹಾಸಿನ ಮೇಲೆ ತೋರುಬೆರಳು ಓಡಾಡಿತು, ಕಣ್ಣು ಮಾತ್ರ ನನ್ನ ಮೇಲೆ, ಕೊನೆಗಾಲದಲ್ಲಿ ಹಾಗೇ ಹಾಸಿಗೆ ಕೆದಕ್ತಾರೆ ಎಂದಳು ನರ್ಸ್, ನಾನು ನಂಬಿದೆ, ನಂಬಲು ಸುಲಭವಾಗಿತ್ತು, ಮೂರು ಸಲ ಹೋಗಿದ್ದೆ, ಮೂರು ಸಲವೂ ಅದೇ ಬೆರಳು ಅದೇ ಜಾಗದಿಂದ ಶುರು ಮಾಡಿತ್ತು, ನೇರ ಗೆರೆ, ಅದರ ಪಕ್ಕ ಒಂದು ಸುತ್ತು, ಆಮೇಲೆ ಅಡ್ಡ ಗೆರೆ, ಆಮೇಲೆ ಕೊಕ್ಕೆ ಹಾಗೆ — ಕೊಕ್ಕೆಯೋ ಏಳೋ, ನೇರ ಗೆರೆ ಒಂದೋ ಇಂಗ್ಲಿಷಿನ ಎಲ್ ಅಕ್ಷರವೋ, ಸುತ್ತು ಸೊನ್ನೆಯೋ ಓ ಅಕ್ಷರವೋ, ಮೇಜಿನ ಮೇಲೆ ನನ್ನ ಬೆರಳಿನಿಂದ ಬರೆದು ನೋಡುತ್ತೇನೆ, ಕಣ್ಣು ಮುಚ್ಚಿ ಬರೆಯುತ್ತೇನೆ, ನಾಲ್ಕು ಬರುತ್ತವೆ, ನಾಲ್ಕರ ಆಚೆ ಇಲ್ಲ.

ಆ ನಾಲ್ಕು ಅಕ್ಷರಕ್ಕೆ ನನ್ನ ಊಹೆ ಸೇರಿಸಿ ಒತ್ತಿದೆ, ತಪ್ಪು, ಇನ್ನು ಒಂದೇ, ಉಳಿದದ್ದು ಎಷ್ಟು ಅಕ್ಷರವೋ, ನೆನಪಿಸಿಕೋ, ಹಾಸಿನ ಮೇಲೆ ಔಷಧಿಯ ಕಂದು ಕಲೆ ಇತ್ತು, ಬೆರಳಿನ ಉಗುರು ನೀಲಿಗಟ್ಟಿತ್ತು, ಬೆರಳು ಕೊಕ್ಕೆ ಮುಗಿಸಿ ಮೇಲೆದ್ದಿತು, ಆಮೇಲೆ, ಆಮೇಲೆ — ಫೋನ್ ಬಡಿದುಕೊಳ್ಳುತ್ತಿದೆ, ಅಕ್ಕ, ಇನ್ನೊಂದೇ ನಿಮಿಷ ಅಕ್ಕ, ನೆನಪಾಗ್ತಿದೆ, ಆ ಕಡೆಯಿಂದ ಅಕ್ಕ, ನಿಧಾನಕ್ಕೆ ಮಾಡು ಕಣೇ, ಈಗ ಅವಸರ ಇಲ್ಲ, ಆ ಯಮ್ಮ ಹೋಗ್ಬಿಟ್ಳು. ಅವಳ ಗಂಡನಿಗೆ ಹೇಳಿದರಾ, ಯಾರು ಹೇಳಿದರು, ಎದ್ದು ನಿಂತನಾ, ನಾನು ಫೋನ್ ಇಟ್ಟೆನಾ ಇಲ್ಲವಾ, ಬೆರಳು ಮಾತ್ರ ನಿಲ್ಲುತ್ತಿಲ್ಲ, ನೇರ ಗೆರೆ, ಸುತ್ತು, ಅಡ್ಡ ಗೆರೆ, ಕೊಕ್ಕೆ, ಐದನೆಯದಕ್ಕೆ ಎದ್ದಿತು, ಸರ್ ಕಣ್ಣು ನನ್ನನ್ನೇ ನೋಡುತ್ತಿದೆ, ನಾನು ಬಗ್ಗಿ ಹೇಳುತ್ತಿದ್ದೇನೆ, ಸುಮ್ಮನೆ ಮಲಗಿ ಸರ್, ಆಫೀಸಿನ ಯೋಚನೆ ಬೇಡ, ಎಲ್ಲಾ ನಾನು ನೋಡ್ಕೋತೀನಿ, ಮೂರು ಸಲವೂ ಅದನ್ನೇ ಹೇಳಿದೆ, ಪ್ರೀತಿಯಿಂದಲೇ ಹೇಳಿದೆ, ಹೇಳುತ್ತಾ, ಎದ್ದ ಆ ಬೆರಳನ್ನು ಮೆಲ್ಲಗೆ ಹಾಸಿಗೆ ಒತ್ತಿ ಹಿಡಿದಿದೆ ನನ್ನ ಅಂಗೈ, ಕೆಳಗೆ ಅದು ಅಲುಗುತ್ತಿದೆ, ನನ್ನ ಅಂಗೈ, ಅದರ ಕೆಳಗೆ ಅಲುಗುವ ಬೆರಳು, ನನ್ನ ಅಂಗೈ